ಬೂದು ಪೆನ್ಸಿಲ್

ಈ ಊರಿಗೆ ಕಡಲಿಲ್ಲ. ಆದರೂ ಬಂದರಿದೆ.
ವೈಟ್‌ಫೀಲ್ಡಿನ ಹಳಿ ಕವಲೊಡೆಯುವ ಕಡೆ
ನಕ್ಷೆಯಲ್ಲಿ ಹೆಬ್ಬೆರಳಿನಷ್ಟು ಜಾಗ,
ಬಣ್ಣ ತುಂಬಿದವಳು ನಾನು.
ವಸತಿಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ,
ಕೆರೆಗೆ ತಿಳಿನೀಲಿ, ಕೆರೆ ಇದ್ದರೆ.
ಸಾಗಣೆಗೆ ಬೂದು. ಯಾರು ಗೊತ್ತು ಮಾಡಿದರೋ.
ಈಗೆಲ್ಲ ಕಂಪ್ಯೂಟರು, ಆದರೂ ಸಾಹೇಬರ ಗೋಡೆಗೆ
ಕೈಯಲ್ಲಿ ತುಂಬಿದ ಹಾಳೆಯೇ ಬೇಕು.
ಹತ್ತೊಂಬತ್ತು ವರ್ಷದ ಡಬ್ಬಿಯಲ್ಲಿ
ಬೂದು ಪೆನ್ಸಿಲ್ ಮಾತ್ರ ಉದ್ದವೇ ಉಳಿದಿದೆ.

ಕರಡು ಯೋಜನೆಗೆ ಆಕ್ಷೇಪಣೆ ಕೊಡಲು ಮೂವತ್ತು ದಿನ.
ಬಂದವು ಒಂಬೈನೂರ ಹನ್ನೆರಡು.
ನಾನೇ ನಂಬರು ಹಾಕಿ ದಾರ ಕಟ್ಟಿದೆ.
ನೂರ ನಲವತ್ತನೆಯದು ಹದಿನಾಲ್ಕನೇ ಮಹಡಿಯಿಂದ:
ರಾತ್ರಿಯಿಡೀ ಲಾರಿ ಹಿಂದೆ ಸರಿಯುವ ಪೀಂ ಪೀಂ,
ಮಗು ಬೆಚ್ಚಿ ಏಳುತ್ತದೆ, ದಯವಿಟ್ಟು
ಬಂದರನ್ನು ಊರ ಹೊರಗೆ ಸಾಗಿಸಿ.
ಇನ್ನೂರ ಆರು ಮನೆಗಳ ಸಹಿ.
ಬಂದರು ಬಂದಾಗ ಅದೇ ಊರ ಹೊರಗಾಗಿತ್ತು.
ಅದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇಲ್ಲ.

ಮುನ್ನೂರ ಎಂಟನೆಯದು ಬೀಡಿ ಕಟ್ಟಿನ ಕಾಗದದ ಒಳಮೈ ಮೇಲೆ:
"ಲಾರಿ ನಿಂದ್ರಸಾಕ ಜಾಗಾ ಕೊಡ್ರಿ.
ಉಚ್ಚಿ ಹೊಯ್ಯಾಕ ಜಾಗಾ ಕೊಡ್ರಿ. ಇಷ್ಟ."
ಮೌಲಾಸಾಬ ನದಾಫ, ಟ್ರೇಲರ್ ಡ್ರೈವರ್.
ವಿಳಾಸದ ಕಡೆ ಗಾಡಿ ನಂಬರು.

ಸ್ಥಳ ತನಿಖೆಯೆಂದು ಬರೆದಿಟ್ಟು ಹೊರಟೆ.
ಹೊಸಕೋಟೆಯಾಚೆ, ರಾತ್ರಿ ಒಂಬತ್ತೂವರೆ.
ರಸ್ತೆಯ ಎಡಬದಿಗೆ ಎರಡು ಮೈಲಿ ಲಾರಿ,
ಬಾಲಕ್ಕೆ ಮೂತಿ, ಬಾಲಕ್ಕೆ ಮೂತಿ.
ಹತ್ತಕ್ಕೆ ಮುಂಚೆ ಪ್ರವೇಶವಿಲ್ಲ.
ಒಬ್ಬ ಸ್ಟೋವಿನ ಮೇಲೆ ಮೆಣಸಿನಕಾಯಿ ಹುರಿಯುತ್ತಿದ್ದ,
ಒಬ್ಬ ಚಕ್ರಕ್ಕೊರಗಿ ಫೋನಿನಲ್ಲಿ ಮಗಳಿಗೆ
ಹದಿನೇಳರ ಮಗ್ಗಿ ಒಪ್ಪಿಸಲು ಹೇಳುತ್ತಿದ್ದ.
ಮುನಿರತ್ನಮ್ಮನ ಟೀ ಗೂಡಿನ ಗಡಿಯಾರ
ಆರು ನಿಮಿಷ ಮುಂದಿತ್ತು. "ಬೇಕಂತ್ಲೇ ಇಕ್ಕಿವ್ನಿ,
ಆಸೆಯಾದ್ರೂ ಮುಂಚೆ ಹೋಗ್ಲಿ ಅಂತ."

ಮೌಲಾಸಾಬ ಸಿಕ್ಕಿದ. ಖಾಲಿ ಕಂಟೇನರಿನ
ಅಗುಳಿ ಎತ್ತಿ ತೋರಿಸಿದ.
ಒಳಗೆ ಕತ್ತಲು, ತುಕ್ಕು, ಹರಿದ ರಟ್ಟು,
ಬಾಗಿಲ ಸಂದಿಯಲ್ಲಿ ಬಿಳಿ ಪುಡಿ.
ಬೆರಳಿಗೆ ಹಚ್ಚಿ ನಾಲಿಗೆಗಿಟ್ಟೆ. ಉಪ್ಪು.
ನಲವತ್ತಾರು ವರ್ಷಕ್ಕೆ
ಕಡಲು ನನ್ನ ಹತ್ತಿರ ಬಂತು, ಡೀಸೆಲ್ ವಾಸನೆಯಲ್ಲಿ.
"ಹಂಗ ನೆಕ್ಕಬ್ಯಾಡ್ರಿ ಮೇಡಂ, ಏನೇನ ಹೊಡದಿರ್ತಾರೋ!"

ಹತ್ತಾಯಿತು.
ಮೊದಲು ಎಲ್ಲೋ ಒಂದು ಇಂಜಿನ್ನು,
ಆಮೇಲೆ ಪಕ್ಕದ್ದು, ಅದರ ಪಕ್ಕದ್ದು,
ಅಂಗಾಲಿನ ಕೆಳಗೆ ನೆಲ ಗುಂಯ್‌ಗುಟ್ಟಿತು.
ಅಲ್ಲಿ ಚಂದ್ರ ಮಾಡುವ ಕೆಲಸವನ್ನು
ಇಲ್ಲಿ ಒಂದು ಸುತ್ತೋಲೆ ಮಾಡುತ್ತದೆ.
ಈಗ ಉಬ್ಬರ. ಬೆಳಿಗ್ಗೆ ಏಳಕ್ಕೆ ಇಳಿತ.
ಹದಿನಾಲ್ಕನೇ ಮಹಡಿಯಲ್ಲಿ ಆ ಮಗು
ಇನ್ನೇನು ಏಳುತ್ತದೆ.
ಅದರ ಅಳುವೂ ಸುಳ್ಳಲ್ಲ.

ಸಭೆಯಲ್ಲಿ ನೂರ ನಲವತ್ತನ್ನು ಎರಡು ಸಲ ಓದಿಸಿದರು.
ಮುನ್ನೂರ ಎಂಟು: ವಿಳಾಸವಿಲ್ಲ, ಕೈಬಿಡಲಾಗಿದೆ.
"ಬೂದು ಸ್ವಲ್ಪ ತೆಗೆದು ಹಳದಿ ಮಾಡಿ," ಅಂದರು ಸಾಹೇಬರು,
"ಬಂದರು ಮುಂದೆ ಎಲ್ಲಾದರೂ ಹೋಗುತ್ತೆ."
ಎಲ್ಲಿಗೆ ಸಾರ್, ಅಂದೆ.
ಅವರು ಕೈ ಬೀಸಿದ ಕಡೆ
ಹಾಳೆ ಮುಗಿದು ಗೋಡೆ ಶುರುವಾಗಿತ್ತು.

ರಬ್ಬರು ತಿಕ್ಕಿದೆ. ಬೂದು ಪೂರ್ತಿ ಹೋಗಲಿಲ್ಲ,
ಹಳದಿಯ ಅಡಿಯಲ್ಲಿ ಬೆವರಿನ ಕಲೆಯ ಹಾಗೆ ನಿಂತಿತು.
ಪೆನ್ಸಿಲ್ ಚೂಪು ಮಾಡುವಾಗ ಅದರ ಬೆನ್ನ ಮೇಲೆ
ಚಿನ್ನದ ಅಕ್ಷರ, ಕಡಲಾಚೆಯ ಒಂದು ದೇಶ.
ನೀನೂ ಆ ಗೇಟಿನಿಂದಲೇ ಬಂದವನಾ?

ಹೊಸಕೋಟೆ ರಸ್ತೆಯ ಎಡಬದಿಗೆ
ಒಂದು ಚುಕ್ಕೆ ಇಟ್ಟೆ.
ಈ ಅಳತೆಯಲ್ಲಿ ಅದು ಹತ್ತು ಮೀಟರು:
ಎರಡು ನಲ್ಲಿ, ನಾಲ್ಕು ಬಾಗಿಲು, ಒಂದು ಬಲ್ಬು.
ಬಣ್ಣಗಳ ಪಟ್ಟಿಯಲ್ಲಿ ಬರೆದಿಲ್ಲ. ಯಾರಾದರೂ ಕೇಳಿದರೆ
ನೊಣ ಕೂತಿತ್ತು ಸಾರ್, ಅನ್ನುತ್ತೇನೆ.